ಧ್ವನಿಮುದ್ರಣದಲ್ಲಿ ನಾದದ ಸಂಕೋಚನ

ಹಳೆಯ ಗ್ರಾಮಫೋನ್ ತಟ್ಟೆಗೆ ಎರಡು ಭಯಗಳಿದ್ದುವು. ಮೃದಂಗದ ಪೆಟ್ಟು ಮಿತಿಮೀರಿದರೆ ಸೂಜಿ ಕೊರೆಯುವ ಗೀರು ನೆರೆಯ ಗೀರಿಗೆ ನುಗ್ಗುವುದು. ವೀಣೆಯ ನಾದ ತೀರ ಮೆಲ್ಲಗಾದರೆ ತಟ್ಟೆಯ ಕರಕರದಲ್ಲಿ ಅಡಗಿಹೋಗುವುದು. ಆದುದರಿಂದ ಜೋರಾದುದನ್ನು ತಗ್ಗಿಸಿ, ಮೆಲ್ಲಗಿರುವುದನ್ನು ಎತ್ತಬೇಕಾಯಿತು. ಇದೇ ಸಂಕೋಚನ, ಎಂದರೆ ಕಂಪ್ರೆಷನ್. ಮೊದಲು ಇಂಜಿನಿಯರನ ಬೆರಳು ಮಾಡುತ್ತಿದ್ದ ಈ ಕೆಲಸವನ್ನು ತರುವಾಯ ವಿದ್ಯುದ್ಯಂತ್ರವು ವಹಿಸಿಕೊಂಡಿತು. ಗೊತ್ತಾದ ಎಲ್ಲೆಯನ್ನು ನಾದವು ದಾಟದಂತೆ ತಡೆಯುವುದು ಲಿಮಿಟಿಂಗ್. ಕಾಂತೀಯ ಟೇಪಿಗೆ ಅದು ಹೊರಲಾರದಷ್ಟನ್ನು ತುಂಬಿದರೆ ತರಂಗದ ತುದಿ ದುಂಡಾಗಿ, ಮೂಲದಲ್ಲಿಲ್ಲದ ಉಪಸ್ವರಗಳು ಹುಟ್ಟುವುವು, ಇದು ಸ್ಯಾಚುರೇಷನ್. ಶಾಸ್ತ್ರರೀತ್ಯಾ ದೋಷವೇ ಸರಿ; ಆದರೂ ಹಿತಮಿತವಾಗಿದ್ದರೆ ನಾವೂ ಅದನ್ನು ಮೆಚ್ಚುವವರೇ.

1982ರಲ್ಲಿ ಬಂದ ಕಾಂಪ್ಯಾಕ್ಟ್ ಡಿಸ್ಕು ಸುಮಾರು 96 ಡೆಸಿಬಲ್‌ಗಳ ಹರವನ್ನು ಒದಗಿಸಿತು. ಇನ್ನು ಇಕ್ಕಟ್ಟು ತೀರಿತೆನ್ನಬೇಕಷ್ಟೆ? ನಡೆದುದು ವಿಪರೀತ. ಇತರರ ಡಿಸ್ಕಿಗಿಂತ ತಮ್ಮದು ಜೋರಾಗಿ ಕೇಳಲೆಂದು ತಯಾರಕರು ಸಂಗೀತವನ್ನೆಲ್ಲ ಮೇಲಿನ ಎಲ್ಲೆಗೇ ಒತ್ತಿದರು. ಅಮೆರಿಕದ ಮೆಟಾಲಿಕಾ ತಂಡವು 2008ರಲ್ಲಿ ಹೊರತಂದ ‘ಡೆತ್ ಮ್ಯಾಗ್ನೆಟಿಕ್’ನಲ್ಲಿ ಡ್ರಮ್ಮಿನ ಪೆಟ್ಟುಗಳು ನೆತ್ತಿ ಕತ್ತರಿಸಿದಂತಾಗಿ ಒಡಕುದನಿಯಾದುವು. ಅವೇ ಹಾಡುಗಳು ಒಂದು ವೀಡಿಯೋ ಆಟದಲ್ಲಿ ನಿಚ್ಚಳವಾಗಿದ್ದುದನ್ನು ಕೇಳಿದ ಮೇಲೆ, ಹೊಸದಾಗಿ ಸಿದ್ಧಪಡಿಸಿರೆಂಬ ಮನವಿಗೆ ಸಾವಿರಾರು ಮಂದಿ ರುಜು ಹಾಕಿದರು. ಈಗ ಅಂತರ್ಜಾಲದ ಮುಖ್ಯ ಸಂಗೀತಸೇವೆಗಳು ಹಾಡುಗಳ ಸರಾಸರಿ ಜೋರನ್ನು ತಾವೇ ಸಮಮಾಡುತ್ತವೆ. ಅಲ್ಲಿ ಹಾಗೆ ಒತ್ತಿದ ಹಾಡನ್ನು ತಗ್ಗಿಸಿಯೇ ಕೇಳಿಸುವರು.