ನೆಲದಡಿ ಬೆಳೆದ ಸತುವಿನ ಮೀಸೆ

ಟೈಲನ್ನು ಎತ್ತಿ ಬೋರಲು ಹಾಕಿದರು. ದೀಪ ಆರಿಸಿ ಟಾರ್ಚನ್ನು ಓರೆಯಾಗಿ ಹಿಡಿದರು. ತಗಡಿನ ತುಂಬ ಬೆಳ್ಳಿಯ ಮಿಣುಕು. ‘ಧೂಳಲ್ಲ ಸರ್, ತಗಡಲ್ಲೇ ಬೆಳೆದಿರೋದು’ ಎಂದರು ಎಂಜಿನಿಯರ್. ಬೆಂಗಳೂರಿನ ಸಂಸ್ಥೆಯೊಂದು ತನ್ನ ಹಳೆಯ ಸರ್ವರ್ ರೂಮ್ ಖಾಲಿ ಮಾಡುತ್ತಿದ್ದಾಗ ಕಂಡ ಆ ಮಿಣುಕು ಇನ್ನೂ ನನ್ನ ಕಣ್ಣಿಂದ ಮರೆಯಾಗಿಲ್ಲ.

ಕಂಪ್ಯೂಟರ್ ಕೋಣೆ ಎಂದರೆ ನನ್ನ ತಲೆಮಾರಿನವರಿಗೆ ಬಾಗಿಲಾಚೆ ಬಿಟ್ಟ ಚಪ್ಪಲಿ ಸಾಲೇ ನೆನಪು. ಅದಕ್ಕೆ ಕಾರಣವಿತ್ತು. ಆರಂಭದ ಡಿಸ್ಕ್‌ಗಳು ಕೋಣೆಯ ಗಾಳಿಗೆ ತೆರೆದಿದ್ದವು. ಓದುವ ಹೆಡ್ಡು ತಟ್ಟೆಯಿಂದ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ತೇಲುತ್ತಿತ್ತು. ನಡುವೆ ಒಂದು ಕಣ ಸಿಕ್ಕಿದರೆ ತಟ್ಟೆಗೆ ಗೀರು, ಮಾಹಿತಿ ನಾಶ. 1973ರಲ್ಲಿ ಐಬಿಎಂನ ‘ವಿಂಚೆಸ್ಟರ್’ ಡಿಸ್ಕ್ ಹೆಡ್ಡನ್ನೂ ತಟ್ಟೆಯನ್ನೂ ಒಂದೇ ಮುಚ್ಚಿದ ಡಬ್ಬಿಯಲ್ಲಿಟ್ಟಿತು. ಆಮೇಲೆ ಧೂಳಿನ ಕಾಟ ಫ್ಯಾನು, ಫಿಲ್ಟರುಗಳ ಪಾಲಿಗೆ ಬಂತು. ಚಪ್ಪಲಿ ಮಾತ್ರ ಹೊರಗೇ ಉಳಿಯಿತು.

ಆದರೆ ಟೈಲಿನಡಿ ಮಿಣುಕಿದ ಈ ಸತುವಿನ ಮೀಸೆ ಚಪ್ಪಲಿಯ ಜೊತೆ ಬರುವಂಥದ್ದಲ್ಲ. ಸರ್ವರ್ ರೂಮಿನಲ್ಲಿ ನಾವು ಕಾಲಿಡುವುದು ಗಿಡ್ಡ ಕಂಬಗಳ ಮೇಲೆ ಕೂರಿಸಿದ ಎರಡಡಿ ಚೌಕದ ಟೈಲ್‌ಗಳ ಮೇಲೆ. ಕೆಳಗಿನ ಪೊಳ್ಳಿನಲ್ಲಿ ಎಸಿಯ ತಂಪು ಗಾಳಿ ಹರಿದು, ತೂತಿನ ಟೈಲ್‌ಗಳಿಂದ ಮೇಲೆದ್ದು ಯಂತ್ರಗಳನ್ನು ಹೊಗುತ್ತದೆ. ಹಳೆಯ ಮಾದರಿಯ ಅನೇಕ ಟೈಲ್‌ಗಳಲ್ಲಿ ಹಲಗೆಯ ಅಡಿಗೆ ಉಕ್ಕಿನ ತಗಡು, ಅದು ತುಕ್ಕು ಹಿಡಿಯದಿರಲೆಂದು ವಿದ್ಯುತ್ತಿನಿಂದ ಕೂರಿಸಿದ ಸತುವಿನ ತೆಳುಲೇಪ. ಲೇಪದೊಳಗೆ ಉಳಿದ ಒತ್ತಡ ವರ್ಷಗಟ್ಟಲೆ ಸತುವನ್ನು ಎಳೆ ಎಳೆಯಾಗಿ ಹೊರದೂಡುತ್ತದೆ. ಆ ಎಳೆಯೇ ಮೀಸೆ. ದಪ್ಪ ಸುಮಾರು 2 ಮೈಕ್ರಾನ್. ಅದರ ಮುಂದೆ ತಲೆಗೂದಲು ಹಗ್ಗದಂತೆ. ಉದ್ದ ಮಾತ್ರ ಕೆಲವು ಮಿಲಿಮೀಟರ್‌ವರೆಗೂ ಹೋಗಬಹುದು.

ಟೈಲ್ ಅಲುಗದಿದ್ದರೆ ಮೀಸೆ ತೆಪ್ಪಗಿರುತ್ತದೆ. ಎತ್ತಿದರೆ, ಎಳೆದರೆ ಮುರಿದು ತಂಪು ಗಾಳಿಯನ್ನೇರುತ್ತದೆ. ಸರ್ಕ್ಯೂಟಿನ ಎರಡು ಗೆರೆಗಳ ನಡುವೆ ಬಿದ್ದರೆ ಶಾರ್ಟ್. ಎಷ್ಟೋ ಸಲ ಅದೇ ಕಿಡಿಗೆ ಎಳೆಯೂ ಸುಟ್ಟುಹೋಗುವುದರಿಂದ ಬಿಚ್ಚಿ ನೋಡಿದವರಿಗೆ ಕುರುಹೇ ಸಿಗುವುದಿಲ್ಲ. ಆ ಬೆಂಗಳೂರಿನ ಕೋಣೆಯಲ್ಲೂ ಹೊಸ ಕೇಬಲ್ ಎಳೆದಾಗಲೆಲ್ಲ ಪವರ್ ಸಪ್ಲೈಗಳು ಕೆಡುತ್ತಿದ್ದವಂತೆ. ಎಲ್ಲರೂ ಕರೆಂಟನ್ನೇ ಬೈದರಂತೆ.

ಲೋಹಕ್ಕೆ ಮೀಸೆ ಬರುತ್ತದೆಂಬುದು ಹೊಸ ಸಂಗತಿಯಲ್ಲ. ಕ್ಯಾಡ್ಮಿಯಂ ಲೇಪದ ಬಿಡಿಭಾಗಗಳಲ್ಲಿ 1940ರ ದಶಕದಲ್ಲೇ ಇದನ್ನು ಗುರುತಿಸಿದ್ದರು. 1998ರ ಮೇ ತಿಂಗಳಲ್ಲಿ ಗ್ಯಾಲಕ್ಸಿ 4 ಉಪಗ್ರಹ ಕೈಕೊಟ್ಟು ಅಮೆರಿಕದ ಬಹುಪಾಲು ಪೇಜರ್‌ಗಳು ಮೂಕವಾದವು. ಅದರ ನಿಯಂತ್ರಕ ಕೆಟ್ಟಿದ್ದಕ್ಕೆ ತವರದ ಮೀಸೆಯೇ ಕಾರಣವೆಂದು ತಜ್ಞರು ಶಂಕಿಸಿದರು. ಅಂತರಿಕ್ಷಕ್ಕೆ ಹಾರಿದ ಯಂತ್ರವನ್ನೂ ಬಿಡದ ಇಂಥ ಎಳೆ ನಮ್ಮ ಕಾಲಡಿಯಲ್ಲೇ ಬೆಳೆಯುತ್ತದೆಂಬುದು ನನಗೆ ಇನ್ನೂ ಬೆರಗು.

ಹಾಗೆಂದು ಹೊರಗಿನ ಧೂಳನ್ನು ಮರೆಯುವಂತಿಲ್ಲ. ರಟ್ಟಿನ ಪೆಟ್ಟಿಗೆಗಳನ್ನು ಹೊರಗೇ ಬಿಚ್ಚಬೇಕು, ಅವುಗಳ ನಾರು ಗಾಳಿಯಲ್ಲಿ ತೇಲುತ್ತದೆ. ಪೊರಕೆ ಬೇಡವೇ ಬೇಡ, ಅದು ಧೂಳನ್ನು ಎಬ್ಬಿಸುತ್ತದೆ, ತೆಗೆಯುವುದಿಲ್ಲ. ಸಾಧಾರಣ ವ್ಯಾಕ್ಯೂಮ್ ಕ್ಲೀನರ್ ಸಣ್ಣ ಕಣಗಳನ್ನು ಹಿಂದಿನಿಂದ ಮತ್ತೆ ಊದುತ್ತದೆ. 0.3 ಮೈಕ್ರಾನ್ ಕಣಗಳಲ್ಲೂ ಶೇ 99.97 ಪಾಲು ಹಿಡಿಯುವ ಹೆಪಾ ಫಿಲ್ಟರ್ ಇರುವುದೇ ಬೇಕು. ನೆಲಕ್ಕೆ ಚೆನ್ನಾಗಿ ಹಿಂಡಿದ ಬಟ್ಟೆ ಸಾಕು.

ಅಂದು ಬಾಗಿಲ ಬಳಿ ನಿಂತು ಎಲ್ಲವನ್ನೂ ನೋಡುತ್ತಿದ್ದ ಹೌಸ್‌ಕೀಪಿಂಗ್‌ನ ಹೆಂಗಸು ಹೇಳಿದರು: ‘ಹನ್ನೆರಡು ವರ್ಷದಿಂದ ಈ ನೆಲ ಒರೆಸ್ತಿದೀನಿ ಸಾರ್. ಅಡಿಯಲ್ಲಿ ಹಿಂಗಿದೆ ಅಂತ ಯಾರೂ ಹೇಳ್ಲಿಲ್ಲ.’

ಹಳೆಯ ಸರ್ವರ್ ರೂಮಿನ ಹೊಣೆ ಹೊತ್ತವರಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಸಲ ಯಂತ್ರಗಳನ್ನು ನಿಲ್ಲಿಸಿದಾಗ ಒಂದು ಟೈಲನ್ನು ಮೆಲ್ಲಗೆ ಎತ್ತಿ ಟಾರ್ಚು ಬಿಟ್ಟು ನೋಡಿ. ನೆಲ ಒರೆಸುವವರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸಿ.