ಮಹ್ರ್ ಕೊಡಬೇಕಾದವನು ವರದಕ್ಷಿಣೆ ಕೇಳುವುದೇ?



ನಿಕಾಹ್‌ನಲ್ಲಿ ಕೊಡಬೇಕಾದವನು ವರ. ಪತ್ನಿಗೆ ಮಹ್ರನ್ನು ಮನಃಪೂರ್ವಕವಾಗಿ ಕೊಡಬೇಕೆಂದು ಪವಿತ್ರ ಕುರ್‌ಆನ್ (ಅನ್ನಿಸಾ: 4) ಆಜ್ಞಾಪಿಸುತ್ತದೆ. ಅದು ಅವಳ ಸ್ವಂತ ಹಕ್ಕು. ಮನೆಯ ಖರ್ಚೂ ಪುರುಷನ ಹೊಣೆ. ಆದರೆ ನಮ್ಮಲ್ಲಿ ಕೆಲವರು ಸಾವಿರ ರೂಪಾಯಿ ಮಹ್ರ್ ಬರೆಸಿ, ಲಕ್ಷಗಟ್ಟಲೆ ಹಣ, ಚಿನ್ನ ಪಡೆಯುತ್ತಾರೆ. ಹೆಣ್ಣಿನ ತಂದೆ ಬಡ್ಡಿಸಾಲಕ್ಕೆ ಬೀಳುತ್ತಾನೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರವೂ ಕೊಡುವುದು, ಪಡೆಯುವುದು ಎರಡೂ ಅಪರಾಧ.

ಜುಮಾ ಬಳಿಕ ಮಸೀದಿ ಬಾಗಿಲಲ್ಲಿ ಬಡ ಹೆಣ್ಣುಮಗಳ ಮದುವೆಗೆಂದು ನಾವು ಹಣ ಸಂಗ್ರಹಿಸುತ್ತೇವೆ. ಉದ್ದೇಶ ಒಳ್ಳೆಯದೇ. ಆದರೆ ಆ ಹಣ ಬೇಡಿಕೆಯಿಟ್ಟ ವರನ ಕೈಸೇರಿದರೆ ನಾವು ನೆರವಾದದ್ದು ಯಾರಿಗೆ?

ಹಾಗೆಂದು ಕಷ್ಟದಲ್ಲಿರುವ ತಂದೆಗೆ ಬಾಗಿಲು ಮುಚ್ಚುವಂತಿಲ್ಲ. ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸಾಲಗಾರರೂ ಇದ್ದಾರೆ (ಅತ್ತೌಬಾ: 60). ಸಾಲದಲ್ಲಿ ಮುಳುಗಿದವನ ಸಾಲ ತೀರಿಸೋಣ, ಬಡ ಹುಡುಗಿಯ ಓದಿಗೆ ನೆರವಾಗೋಣ. ವರದಕ್ಷಿಣೆಯ ಬೇಡಿಕೆ ಪೂರೈಸಲು ಮಾತ್ರ ಜಮಾಅತ್ ಚಂದಾ ಎತ್ತದಿರಲಿ. ನಿಕಾಹ್ ನಿಶ್ಚಯಿಸುವ ಮೊದಲೇ ವರನ ಮನೆಯವರನ್ನು ಕರೆದು ವಿಚಾರಿಸಲಿ.

ಗಂಡುಮಕ್ಕಳ ತಾಯಂದಿರೇ, ಹೆಣ್ಣು ನೋಡಲು ಹೋದಾಗ “ನಮಗೇನೂ ಬೇಡ” ಎಂಬ ಮಾತು ಮೊದಲು ನಿಮ್ಮ ಬಾಯಿಂದಲೇ ಬರಲಿ. ಅಲ್ಲಾಹನು ನಮಗೆಲ್ಲ ತೌಫೀಕ್ ನೀಡಲಿ. ಆಮೀನ್.