ನಡುಗುವ ಕೈಗೆ ಹೊಸ ಚಿಕಿತ್ಸೆ: ಆಸೆ ಎಷ್ಟು, ಆಧಾರ ಎಷ್ಟು?

ಸಹಿ ಹೊಂದುವುದಿಲ್ಲವೆಂದು ಬ್ಯಾಂಕಿನವರು ನಿಮ್ಮ ತಂದೆಯವರ ಚೆಕ್ಕನ್ನು ಹಿಂದಿರುಗಿಸಿದ್ದಾರೆಯೆ? ಬರೆಯುತ್ತಾ ಹೋದಂತೆ ಅವರ ಅಕ್ಷರ ಚಿಕ್ಕದಾಗುತ್ತಿದೆಯೆ? ಅಂಗಿಯ ಗುಂಡಿ ಹಾಕಲು ಬಹಳ ಹೊತ್ತು ಹಿಡಿಯುತ್ತಿದೆಯೆ? ನಡೆಯುವಾಗ ಒಂದು ಕೈ ಬೀಸದೆ ಬಿಗಿದು ನಿಲ್ಲುತ್ತದೆಯೆ? ಹಾಗಿದ್ದರೆ ವಯಸ್ಸಾಯಿತೆಂದು ಸುಮ್ಮನಾಗಬೇಡಿ. ವೈದ್ಯರಿಗೆ ತೋರಿಸಿ.

ಲೋಟ ಎತ್ತುವಾಗ ಮಾತ್ರ ನಡುಗುವ ಕೈ ಸಾಮಾನ್ಯವಾಗಿ ಬೇರೆ ತೊಂದರೆಯ ಲಕ್ಷಣ. ತೊಡೆಯ ಮೇಲೆ ಸುಮ್ಮನಿಟ್ಟಾಗ ನಡುಗುವ ಕೈ ಪಾರ್ಕಿನ್ಸನ್ ಕಾಯಿಲೆಯ ಸೂಚನೆ ಇರಬಹುದು. ಕೆಲವರಲ್ಲಿ ನಡುಕವೇ ಇರುವುದಿಲ್ಲ. ನಿಧಾನ ಮತ್ತು ಬಿಗಿತ ಮಾತ್ರ ಇರುತ್ತವೆ.

ಕಾಯಿಲೆ ಎಲ್ಲಿದೆ?

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ವಿವರಿಸಿದರು. ನಮ್ಮ ಆಯುರ್ವೇದದಲ್ಲಿ ಕಂಪವಾತವೆಂಬ ಹೆಸರಿನಲ್ಲಿ ಇಂಥ ಲಕ್ಷಣಗಳ ಪ್ರಸ್ತಾಪವಿದೆ. ಮಿದುಳಿನ ಆಳದಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳಿವೆ. ಚಲನೆ ಸರಾಗವಾಗಿ ಸಾಗಲು ಡೋಪಮಿನ್ ಬೇಕು. ಈ ಕೋಶಗಳು ಒಂದೊಂದಾಗಿ ಸಾಯುತ್ತವೆ. ಲಕ್ಷಣಗಳು ಹೊರಗೆ ಕಾಣುವ ಹೊತ್ತಿಗೆ ಅವುಗಳಲ್ಲಿ ದೊಡ್ಡ ಪಾಲು ನಾಶವಾಗಿರುತ್ತದೆ.

ಹಾಗಾದರೆ ಡೋಪಮಿನ್ನನ್ನೇ ಮಾತ್ರೆಯಾಗಿ ಕೊಡಬಾರದೆ ಎಂದು ನೀವು ಕೇಳಬಹುದು. ತೊಡಕು ಇರುವುದು ಅಲ್ಲಿಯೇ.

ಏರಿ ಮತ್ತು ತೂಬು

ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ ಕೆರೆಯನ್ನು ನೆನೆಸಿಕೊಳ್ಳಿ. ಏರಿ ಭದ್ರವಾಗಿರುವಾಗ ನೀರು ಗದ್ದೆಗೆ ಹೋಗಬೇಕಾದರೆ ತೂಬಿನ ಮೂಲಕವೇ ಹೋಗಬೇಕು. ಮಿದುಳಿನ ರಕ್ತನಾಳಗಳ ಒಳಗೋಡೆಯೂ ಹಾಗೆಯೇ. ಅದರ ಕೋಶಗಳು ಒತ್ತಾಗಿ ಅಂಟಿಕೊಂಡು, ರಕ್ತದಲ್ಲಿರುವ ಬಹುತೇಕ ಪದಾರ್ಥಗಳನ್ನು ಮಿದುಳಿಗೆ ಬಿಡದೆ ತಡೆಯುತ್ತವೆ. ಇದು ವಿಷವನ್ನು ತಡೆಯುವಂತೆ ಔಷಧವನ್ನೂ ತಡೆಯುತ್ತದೆ. ಡೋಪಮಿನ್ ಈ ಏರಿಯನ್ನು ದಾಟಲಾರದು.

ಆದರೆ ಲೆವೊಡೋಪ ದಾಟುತ್ತದೆ. ಅದು ಒಂದು ಅಮೈನೋ ಆಮ್ಲ. ಆಹಾರದ ಅಮೈನೋ ಆಮ್ಲಗಳಿಗಾಗಿ ಇರುವ ತೂಬಿನಲ್ಲಿ ಒಳನುಗ್ಗಿ, ಮಿದುಳಿನಲ್ಲಿ ಡೋಪಮಿನ್ ಆಗುತ್ತದೆ. ದಾರಿಯಲ್ಲೇ ಅದು ಮಾರ್ಪಟ್ಟು ಸೋರಿಹೋಗದಿರಲೆಂದು ಮಾತ್ರೆಯಲ್ಲಿ ಕಾರ್ಬಿಡೋಪ ಸೇರಿಸುತ್ತಾರೆ. ಬೇಳೆ, ಹಾಲು, ಮಾಂಸಗಳಿಂದ ಬರುವ ಅಮೈನೋ ಆಮ್ಲಗಳು ಅದೇ ತೂಬಿಗೆ ಪೈಪೋಟಿ ನಡೆಸುತ್ತವೆ. ಆದ್ದರಿಂದಲೇ ವೈದ್ಯರು ಈ ಮಾತ್ರೆಯನ್ನು ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಲು ಹೇಳುತ್ತಾರೆ.

ನಮ್ಮ ಬೇಲಿಗಳಲ್ಲಿ ಬೆಳೆಯುವ, ಮೈಗೆ ತಾಗಿದರೆ ತುರಿಸುವ ನಸುಗುನ್ನಿಯ ಬೀಜದಲ್ಲಿ ಲೆವೊಡೋಪ ಇದೆ. 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ತೋರಿಸಿದರು. ಆದರೆ ಬೀಜದಿಂದ ಬೀಜಕ್ಕೆ ಅದರ ಪ್ರಮಾಣ ಬದಲಾಗುತ್ತದೆ. ಮಾತ್ರೆಯ ಜೊತೆಗೆ ಬೀಜದ ಪುಡಿಯನ್ನೂ ತಿಂದರೆ ವಾಂತಿ, ರಕ್ತದೊತ್ತಡದ ಕುಸಿತ, ಭ್ರಮೆ ಉಂಟಾಗಬಹುದು.

ವರ್ಷಗಳು ಕಳೆದಂತೆ ಒಂದು ಮಾತ್ರೆಯ ಬಲ ಮುಂದಿನ ಮಾತ್ರೆಯವರೆಗೆ ನಿಲ್ಲುವುದಿಲ್ಲ. ಇದಕ್ಕಾಗಿ ಹಗಲು ರಾತ್ರಿ ಚರ್ಮದಡಿ ಔಷಧ ಹರಿಸುವ ಪಂಪಿಗೆ 2024ರಲ್ಲಿ ಅಮೆರಿಕ ಒಪ್ಪಿಗೆ ನೀಡಿತು.

ಮರೆಗುಳಿ ಕಾಯಿಲೆಗೆ ಏನಿದೆ?

ಅಲ್‌ಝೈಮರ್ ಕಾಯಿಲೆಯಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನು ಮಿದುಳಿನಲ್ಲಿ ಹೂಳಿನಂತೆ ಕೂಡುತ್ತದೆ. ಅದನ್ನು ತೆಗೆಯುವ ಲೆಕಾನೆಮ್ಯಾಬ್ ಎಂಬ ಔಷಧಕ್ಕೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 18 ತಿಂಗಳ ಪರೀಕ್ಷೆಯಲ್ಲಿ ಅದು ಕಾಯಿಲೆಯ ಇಳಿತವನ್ನು ಶೇಕಡಾ 27ರಷ್ಟು ನಿಧಾನಗೊಳಿಸಿತು. ಹೋದ ನೆನಪನ್ನು ಮರಳಿ ತರಲಿಲ್ಲ. ಆರಂಭದ ಹಂತದಲ್ಲಿರುವವರಿಗೆ ಮಾತ್ರ ಇದು. ಮಿದುಳಿನಲ್ಲಿ ಬಾವು, ರಕ್ತಸ್ರಾವದ ಅಪಾಯವಿರುವುದರಿಂದ ಮತ್ತೆ ಮತ್ತೆ ಎಂ.ಆರ್.ಐ. ತೆಗೆಯಬೇಕು. ಶಬ್ದಾತೀತ ತರಂಗಗಳಿಂದ ರಕ್ತನಾಳದ ತಡೆಯನ್ನು ತಾತ್ಕಾಲಿಕವಾಗಿ ತೆರೆದು ಇಂಥ ಔಷಧವನ್ನು ಒಳಗೆ ಬಿಡುವ ಪ್ರಯೋಗವೂ ನಡೆದಿದೆ. 2024ರಲ್ಲಿ ವರದಿಯಾದ ಪ್ರಯೋಗದಲ್ಲಿ ಇದ್ದವರು ಮೂವರೇ ರೋಗಿಗಳು.

ಹೊಸ ಸಸಿ ನೆಡುವ ವಿದ್ಯೆ

ಗುಬ್ಬಿಯ ತೋಟದಲ್ಲಿ ತೆಂಗಿನ ಮರ ಒಣಗಿದರೆ ಅದೇ ಜಾಗದಲ್ಲಿ ಸಸಿ ನೆಡುತ್ತೀರಲ್ಲವೆ? ಆಕರಕೋಶ ಚಿಕಿತ್ಸೆಯ ಆಸೆಯೂ ಅದೇ. 1987ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಭ್ರೂಣದ ನರಕೋಶಗಳನ್ನು ರೋಗಿಗಳ ಮಿದುಳಿಗೆ ನಾಟಿ ಮಾಡಿದರು. ಕೆಲವರಿಗೆ ಗುಣ ಕಂಡಿತು. ಆದರೆ 2001 ಮತ್ತು 2003ರಲ್ಲಿ ಪ್ರಕಟವಾದ ಅಮೆರಿಕದ ಎರಡು ಕಟ್ಟುನಿಟ್ಟಿನ ಪರೀಕ್ಷೆಗಳು ನಿರೀಕ್ಷಿಸಿದ ಫಲ ನೀಡಲಿಲ್ಲ. ಕೆಲವರಿಗೆ ತಡೆಯಲಾಗದ ಅಂಗಚಲನೆ ಶುರುವಾಯಿತು.

ಅಷ್ಟರಲ್ಲಿ ಜಪಾನಿನ ಶಿನ್ಯಾ ಯಮನಾಕ ಪ್ರೌಢ ಕೋಶವನ್ನು ಮತ್ತೆ ಆಕರಕೋಶವಾಗಿಸುವ ದಾರಿ ಕಂಡುಹಿಡಿದರು. 2012ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಆ ದಾರಿಯಲ್ಲಿ ಬೆಳೆಸಿದ ಕೋಶಗಳನ್ನು ಕ್ಯೋಟೊದಲ್ಲಿ 7 ರೋಗಿಗಳಿಗೆ ನಾಟಿ ಮಾಡಿದ ಫಲ 2025ರಲ್ಲಿ ಪ್ರಕಟವಾಯಿತು. ಭ್ರೂಣಮೂಲದ ಆಕರಕೋಶ ಬಳಸಿ ಅಮೆರಿಕ, ಕೆನಡಾಗಳಲ್ಲಿ 12 ಮಂದಿಗೆ ಮಾಡಿದ ಪ್ರಯೋಗದ ವರದಿಯೂ ಆಗಲೇ ಬಂತು. ಗಡ್ಡೆ ಬೆಳೆಯಲಿಲ್ಲ. ಕೆಲವರ ಚಲನೆ ಸುಧಾರಿಸಿತು. ಆದರೆ ಹೋಲಿಸಿ ನೋಡಲು ನಾಟಿ ಮಾಡದ ಗುಂಪು ಇರಲಿಲ್ಲ. ಆದ್ದರಿಂದ ಇದು ಸುರಕ್ಷತೆಯ ಮೊದಲ ಮೆಟ್ಟಿಲೇ ಹೊರತು ಸಿದ್ಧ ಚಿಕಿತ್ಸೆಯಲ್ಲ. ಒಂದೇ ಪಾತಿ ಒಣಗಿದಲ್ಲಿ ಸಸಿ ನೆಡಬಹುದು. ಅಲ್‌ಝೈಮರ್‌ನಂತೆ ಇಡೀ ತೋಟಕ್ಕೆ ರೋಗ ಹರಡಿದಲ್ಲಿ ಈ ಉಪಾಯ ಇನ್ನೂ ಕಷ್ಟ.

ಜಮೀನು ಅಡವಿಡುವ ಮುನ್ನ

ಲಕ್ಷಗಟ್ಟಲೆ ಹಣ ಪಡೆದು, ಹೊಟ್ಟೆಯ ಕೊಬ್ಬಿನಿಂದಲೋ ಮೂಳೆಯ ಮಜ್ಜೆಯಿಂದಲೋ ಕೋಶ ತೆಗೆದು ಚುಚ್ಚಿ ಗುಣಪಡಿಸುತ್ತೇವೆಂಬ ಜಾಹೀರಾತುಗಳನ್ನು ನೀವು ನೋಡಿರಬಹುದು. ಮೇಲೆ ಹೇಳಿದ ಪ್ರಯೋಗಗಳಿಗೂ ಇವಕ್ಕೂ ಸಂಬಂಧವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತಸಂಬಂಧಿ ಕಾಯಿಲೆಗಳಿಗೆ ಮಾಡುವ ಕೋಶಕಸಿಯ ಹೊರತು ಉಳಿದ ಆಕರಕೋಶ ಪ್ರಯೋಗಗಳು ಅನುಮತಿ ಪಡೆದ ಪರೀಕ್ಷೆಯೊಳಗೇ ನಡೆಯಬೇಕು. ಆದ್ದರಿಂದ ಮೂರು ಪ್ರಶ್ನೆ ಕೇಳಿ: ಪರೀಕ್ಷೆ ರಾಷ್ಟ್ರೀಯ ನೋಂದಣಿಯಲ್ಲಿದೆಯೆ? ನೈತಿಕ ಸಮಿತಿಯ ಒಪ್ಪಿಗೆ ಇದೆಯೆ? ನನ್ನಿಂದ ಹಣ ಏಕೆ ಪಡೆಯುತ್ತೀರಿ? ಮೂರಕ್ಕೂ ನೇರ ಉತ್ತರ ಸಿಗದಿದ್ದರೆ ಎದ್ದು ಬನ್ನಿ.

ಇಂದು ಮಾಡಬಹುದಾದದ್ದು

ಗುಬ್ಬಿ, ಕುಣಿಗಲ್ ಕಡೆಯವರು ಮೊದಲು ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಹೆಚ್ಚಿನ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಹೋಗುವಾಗ ಹಳೆಯ ಔಷಧ ಚೀಟಿಗಳನ್ನೂ, ಯಾವ ಹೊತ್ತಿಗೆ ಕೈಕಾಲು ಬಿಗಿಯುತ್ತದೆ ಎಂಬ ಒಂದು ವಾರದ ಬರಹವನ್ನೂ ಒಯ್ಯಿರಿ. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡಿ; ತಾನಾಗಿ ನಿಲ್ಲಿಸಬೇಡಿ. ದಿನವೂ ನಡಿಗೆ, ವ್ಯಾಯಾಮ ಇರಲಿ. ಅಂಗಿಯ ಗುಂಡಿ ಹಾಕಲು ಅವರಿಗೆ ಹತ್ತು ನಿಮಿಷ ಬೇಕಾದರೆ, ಆ ಹತ್ತು ನಿಮಿಷ ಕೊಡಿ. ಹೊಸ ಚಿಕಿತ್ಸೆ ಬರುವವರೆಗೆ ಅವರು ನಡೆದಾಡುತ್ತಾ ಇರುವಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.